ಸುಣ್ಣದ ಕಲ್ಲಿನ ಪುಡಿ ಕೊನೆಗೂ ಹಾಳೆಯಲ್ಲಿ ನಿಂತಿತು

ತುಮಕೂರಿನ ಅಂತರಸನಹಳ್ಳಿಯ ಶೆಡ್ಡಿನಲ್ಲಿ ಕೈಕಾಗದ ಎತ್ತಲು ತೊಡಗಿ ಹನ್ನೊಂದು ವರ್ಷವಾಯಿತು. ಚಿಂದಿಯ ಖರ್ಚು ಇಳಿಸಲು ಕಾಗದದ ತಿರುಳಿಗೆ ಸುಣ್ಣದ ಕಲ್ಲಿನ ಪುಡಿ ಬೆರೆಸುತ್ತೇನೆ ಎಂದಾಗ ನಮ್ಮ ಮೇಸ್ತ್ರಿ, "ಬೇಡಿ ಸ್ವಾಮಿ, ಪಟಿಕ ಬಿದ್ದೊಡನೆ ತೊಟ್ಟಿ ಹಾಲಿನಂತೆ ಉಕ್ಕುತ್ತದೆ" ಎಂದರು. ಉಕ್ಕಿಯೇ ಬಿಟ್ಟಿತು. ಹಾಳೆಯ ತುಂಬ ಸೂಜಿ ಚುಚ್ಚಿದಂಥ ತೂತು. ಅರವತ್ತು ಕಿಲೋ ಬನಿಯನ್ ಚಿಂದಿಯ ತಿರುಳು ಮರಳಿ ಚಿಂದಿ ಅರೆಯುವ ಬೀಟರಿಗೆ ಹೋಯಿತು.

ಮಸಿ ಹರಡದಂತೆ ಅಲ್ಲಿಯವರೆಗೆ ಬೆರೆಸುತ್ತಿದ್ದ ಪಟಿಕ, ರಾಳ ಎರಡನ್ನೂ ಬಿಟ್ಟು, ತೊಟ್ಟಿಯ ಹಳೆಯ ನೀರನ್ನೂ ಚೆಲ್ಲಿ, ಪಟಿಕವಿಲ್ಲದೆಯೇ ಅದೇ ಕೆಲಸ ಮಾಡುವ ಎಕೆಡಿ ಎಂಬ ಮೇಣದಂಥ ರಾಸಾಯನಿಕ ಹಿಡಿದೆ. ಮೊದಲ ಮೂರು ಸಲದ ಕಾಗದ ಮಸಿಯನ್ನು ತಡೆಯಲೇ ಇಲ್ಲ. ಎಲ್ಲವನ್ನೂ ರದ್ದಿಗೆ ಹಾಕಿದೆ. ಇಪ್ಪತ್ತೆರಡು ಸಾವಿರ ರೂಪಾಯಿಯಷ್ಟು ಹೋಗಿರಬೇಕು. ಅಟ್ಟದ ಮೇಲೆ ಮರೆತಿದ್ದ ಒಂದು ಕಟ್ಟನ್ನು ಹನ್ನೆರಡು ದಿನ ಬಿಟ್ಟು ಇಳಿಸಿದರೆ, ಮಸಿಯ ಹನಿ ಕೆಸುವಿನ ಎಲೆಯ ಮೇಲಿನ ನೀರಿನಂತೆ ನಿಂತಿದೆ! ಎಕೆಡಿ ನಾರಿಗೆ ಕಚ್ಚಿಕೊಳ್ಳಬೇಕು; ದೊಡ್ಡ ಗಿರಣಿಯಲ್ಲಿ ಬಿಸಿ ಸಿಲಿಂಡರು ಬೇಗ ಮುಗಿಸುವ ಈ ಕೆಲಸಕ್ಕೆ ನಮ್ಮ ಹಗ್ಗದ ಮೇಲಿನ ಗಾಳಿಗೆ ದಿನಗಳೇ ಬೇಕು. ನಾನು ರದ್ದಿಗೆ ಹಾಕಿದ್ದು ಒಳ್ಳೆಯ ಕಾಗದವನ್ನೇ.

ಹಾಳೆಯಲ್ಲಿ ಎಷ್ಟು ಪುಡಿ ನಿಂತಿದೆ ಎಂದು ಸುಟ್ಟು ನೋಡುವ ಬೂದಿಯ ಲೆಕ್ಕದಲ್ಲೂ ಮೋಸಹೋದೆ. ನೂರಕ್ಕೆ ಹದಿನೆಂಟು ಪಾಲು ಪುಡಿ ಹಾಕಿದ್ದ ಹಾಳೆಯನ್ನು ಪರಿಚಯದ ಅಕ್ಕಸಾಲಿಗರ ಕುಲುಮೆಯಲ್ಲಿ ಸುಡಿಸಿದರೆ ಏಳು ಪಾಲು ಸಿಕ್ಕಿತು. ಉಳಿದದ್ದು ಜಾಲರಿಯಲ್ಲಿ ಸೋರಿತೆಂದು, ಪುಡಿಯನ್ನು ನಾರಿಗೆ ಹಿಡಿದಿಡುವ ಪಿಷ್ಟ ಹೆಚ್ಚಿಸಿದೆ, ತಿರುಳು ಗಂಟುಗಂಟಾಯಿತು. ಚಿನ್ನ ಕರಗುವ ಶಾಖದಲ್ಲಿ ಸುಣ್ಣದ ಕಲ್ಲು ಸುಟ್ಟು ಸುಣ್ಣವಾಗುತ್ತದೆ, ತೂಕದಲ್ಲಿ ನೂರಕ್ಕೆ 44 ಪಾಲು ಗಾಳಿಗೆ ಹೋಗುತ್ತದೆ. ಸುಣ್ಣದ ಗೂಡು ನೋಡುತ್ತಲೇ ಬೆಳೆದ ನನಗೆ ಇದು ಹೊಳೆಯಲು ತಿಂಗಳು ಹಿಡಿಯಿತು. ಅದೇ ಹಾಳೆಯನ್ನು, ಕಲ್ಲು ಸುಣ್ಣವಾಗದ 525 ಡಿಗ್ರಿಯಲ್ಲಿ ಸುಡಿಸಿದಾಗ ಹದಿಮೂರರ ಹತ್ತಿರ ಬಂತು. ಈ ಊರಿನಲ್ಲಿ ಕೈಕಾಗದದಲ್ಲಿ ಅಷ್ಟು ನಿಲ್ಲಿಸಿದವರನ್ನು ನಾನಂತೂ ಕಂಡಿಲ್ಲ. ಪಿಷ್ಟವನ್ನು ಯಾವ ಗಳಿಗೆಯಲ್ಲಿ ಸುರಿಯುತ್ತೇನೆ ಎಂಬುದನ್ನು ಮಾತ್ರ ಕೇಳಬೇಡಿ.

ನಡುವೆ ಸಂತೆಯ ರಂಗೋಲಿ ಪುಡಿಯನ್ನೂ ಜರಡಿ ಹಿಡಿದು ಹಾಕಿದ್ದುಂಟು. ಬರೀ ಮರಳು, ಹಾಳೆಯನ್ನು ಒತ್ತಿ ನುಣುಪಾಗಿಸುವ ಕ್ಯಾಲೆಂಡರ್ ಯಂತ್ರದ ತಗಡುಗಳಿಗೆಲ್ಲ ಗೀರು ಬಿತ್ತು. ಉಳಿದ ಅರ್ಧ ಮೂಟೆ ಮನೆಯ ಅಂಗಳಕ್ಕೆ ಎರಡು ವರ್ಷ ಬಂತು.

ಚಿಂದಿ ಕಿಲೋಗೆ ನಲವತ್ತರ ಆಸುಪಾಸು, ಪುಡಿ ಏಳೆಂಟು ರೂಪಾಯಿ. ಎಕೆಡಿಯ ಖರ್ಚು ಕಳೆದು ನೂರು ಕಿಲೋ ಕಾಗದಕ್ಕೆ ಮುನ್ನೂರು ಉಳಿಯುತ್ತದೆ. ಅದಕ್ಕಿಂತ ಹೆಚ್ಚಾಗಿ, ಒಂದು ಬದಿಯ ಅಚ್ಚು ಇನ್ನೊಂದು ಬದಿಗೆ ಕಾಣುವುದಿಲ್ಲ. ಆಸೆಗೆ ಬಿದ್ದು ಇಪ್ಪತ್ತೈದು ಪಾಲು ಹಾಕಿದಾಗ ಲಗ್ನಪತ್ರಿಕೆ ಮಡಿಕೆಯಲ್ಲೇ ಒಡೆದು, ಇಡೀ ಆರ್ಡರು ವಾಪಸಾಯಿತು. ಈಗ ಹದಿನೆಂಟು ದಾಟುವುದಿಲ್ಲ. ಅಂದು ಬೇಡವೆಂದ ಮೇಸ್ತ್ರಿ ಈಗ ಪ್ರತಿ ಕಟ್ಟಿನ ಮೇಲೂ ತಾರೀಖು ಬರೆಯುತ್ತಾರೆ. ಹನ್ನೆರಡು ದಿನ ನನಗೂ ಮುಟ್ಟಲು ಬಿಡುವುದಿಲ್ಲ.