ಕೋಳಿ ಭ್ರೂಣದಲ್ಲಿ ಪಿಜಿಸಿ ವಲಸೆ: ಬಣ್ಣ ಹಚ್ಚಿ ಬೆನ್ನುಹತ್ತಿದ ನನ್ನ ಅನುಭವ

ಬಣ್ಣ ಹಚ್ಚಿದ ಪಿಜಿಸಿಗಳನ್ನು (ಪ್ರೈಮಾರ್ಡಿಯಲ್ ಜರ್ಮ್ ಸೆಲ್, ಅಂದರೆ ಆದಿ ಜನನಕೋಶ) ಭ್ರೂಣದ ರಕ್ತಕ್ಕೆ ಚುಚ್ಚಿ ಅವು ಎಲ್ಲಿಗೆ ಹೋಗುತ್ತವೆಂದು ನೋಡುವ ಈ ಕೆಲಸದಲ್ಲಿ ಗಡಿಯಾರವನ್ನು ನಂಬಬೇಡಿ. 38 ಡಿಗ್ರಿಯಲ್ಲಿ 52 ಗಂಟೆ ಕಾವು ಕೊಟ್ಟ ಒಂದೇ ಟ್ರೇಯಲ್ಲಿ ಒಂದು ಭ್ರೂಣ 13ನೇ ಹಂತದಲ್ಲಿದ್ದರೆ ಪಕ್ಕದ್ದು 16ಕ್ಕೆ ಬಂದಿರುತ್ತದೆ. ನಾನು ಸೋಮೈಟ್ (ಭ್ರೂಣದ ಬೆನ್ನುದ್ದಕ್ಕೂ ಜೋಡಿಜೋಡಿಯಾಗಿ ಮೂಡುವ ಗಂಟುಗಳು) ಎಣಿಸುತ್ತೇನೆ: 22 ಜೋಡಿಯಾದರೆ ಹ್ಯಾಂಬರ್ಗರ್-ಹ್ಯಾಮಿಲ್ಟನ್ ಪಟ್ಟಿಯ (ಕೋಳಿ ಭ್ರೂಣದ ಬೆಳವಣಿಗೆಯ ಹಂತಗಳ ಪಟ್ಟಿ) ಹಂತ 14, 24ರಿಂದ 27 ಆದರೆ 15.

ಇಷ್ಟು ಹಟ ಯಾಕೆಂದರೆ, ವೀರ್ಯಾಣು ಮತ್ತು ಅಂಡಾಣುಗಳ ಮೂಲವಾದ ಈ ಪಿಜಿಸಿಗಳು ಹಕ್ಕಿಗಳಲ್ಲಿ ರಕ್ತದ ಹಾದಿ ಹಿಡಿಯುತ್ತವೆ. ಮೊದಲು ತಲೆಯ ಮುಂದಿನ ಜರ್ಮಿನಲ್ ಕ್ರೆಸೆಂಟ್ ಎಂಬ ಅರ್ಧಚಂದ್ರದಂಥ ಪಟ್ಟಿಯಲ್ಲಿ ಇರುತ್ತವೆ, ಆಮೇಲೆ ರಕ್ತನಾಳಕ್ಕಿಳಿದು ಸುತ್ತುತ್ತವೆ, ಜನನಗ್ರಂಥಿ ಮೂಡುವ ಜಾಗದ ಬಳಿ ನಾಳದಿಂದ ಹೊರಬೀಳುತ್ತವೆ. 14-15ನೇ ಹಂತದಲ್ಲಿ ಹಾದಿ ತೆರೆದಿರುತ್ತದೆ. 17 ದಾಟಿದ ಮೇಲೆ ಚುಚ್ಚಿದರೆ ಹೆಚ್ಚಿನವು ತಲುಪುವುದಿಲ್ಲ.

ಕಲ್ಚರ್‌ನಲ್ಲಿ ಬೆಳೆಸಿದ ಪಿಜಿಸಿಗೆ ಪಿಕೆಹೆಚ್26 (ಕೋಶದ ಪೊರೆಗೆ ಅಂಟಿ ಕೆಂಪಗೆ ಹೊಳೆಯುವ ಬಣ್ಣ) 2 ಮೈಕ್ರೋಮೋಲಾರ್, 5 ನಿಮಿಷ. ಸೀರಮ್ ಹಾಕಿ ನಿಲ್ಲಿಸಿ ಮೂರು ಸಲ ತೊಳೆಯಬೇಕು. ಮೂರನೆಯದನ್ನು ಬಿಡುವ ಆಸೆ ಎಲ್ಲರಿಗೂ ಬರುತ್ತದೆ, ಬಿಡಬೇಡಿ. ಕೊನೆಗೆ ಮೈಕ್ರೋಲೀಟರಿಗೆ 1,000ದಿಂದ 3,000 ಕೋಶ ಇರಲಿ, ಜೊತೆಗೆ ಚುಚ್ಚಿದ್ದು ಕಣ್ಣಿಗೆ ಕಾಣಲೆಂದು ಚೂರು ಫಾಸ್ಟ್ ಗ್ರೀನ್ ಎಂಬ ಹಸಿರು ಬಣ್ಣ.

ಮೊಟ್ಟೆಯನ್ನು ಅಡ್ಡಲಾಗಿ ಮಲಗಿಸಿ, ಮೊಂಡು ತುದಿಯಿಂದ 3 ಮಿಲಿಲೀಟರ್ ಬಿಳಿ ಲೋಳೆ ಸಿರಿಂಜಿನಲ್ಲಿ ಎಳೆದರೆ ಭ್ರೂಣ ಚಿಪ್ಪಿನಿಂದ ಕೆಳಗಿಳಿಯುತ್ತದೆ. ಆಮೇಲೆ ಮೇಲುಗಡೆ 1 ಸೆಂಟಿಮೀಟರ್ ಕಿಟಕಿ. ಪಿಪೆಟ್ ತುದಿ 30-40 ಮೈಕ್ರಾನ್ ಇದ್ದು ಓರೆಯಾಗಿ ಮಸೆದಿರಲಿ. ಕೋಶವೇ 15-20 ಮೈಕ್ರಾನ್ ಇರುವುದರಿಂದ ಇದಕ್ಕಿಂತ ಸಣ್ಣದಾದರೆ ಒಂದರ ಹಿಂದೊಂದು ಸಿಕ್ಕಿಕೊಳ್ಳುತ್ತವೆ. ತುಂಬುವ ಮುಂಚೆ ಪ್ರತಿ ಸಲವೂ ಟ್ಯೂಬ್ ತಟ್ಟಿ ಕಲಕಿ, ಕೋಶಗಳು ತಳ ಹಿಡಿಯುವುದು ಬಹಳ ಬೇಗ.

ಡಾರ್ಸಲ್ ಅಯೋರ್ಟಾಕ್ಕೆ (ಭ್ರೂಣದ ಬೆನ್ನ ಕಡೆಯ ಮುಖ್ಯ ರಕ್ತನಾಳ) 1 ಮೈಕ್ರೋಲೀಟರ್ ನಿಧಾನವಾಗಿ ಬಿಡಿ. ತುದಿ ಸರಿಯಾಗಿ ಒಳಗಿದ್ದರೆ ಹಸಿರು ಹೃದಯದ ಬಡಿತದ ತಾಳಕ್ಕೆ ಜಿಗಿಜಿಗಿದು ಕವಲು ನಾಳಗಳಿಗೆ ಹರಡಿ ಮಾಯವಾಗುತ್ತದೆ. ಪಕ್ಕದಲ್ಲೇ ಮಡುಗಟ್ಟಿದರೆ ನಾಳ ತಪ್ಪಿದೆ, ಆ ಮೊಟ್ಟೆಯನ್ನು ಲೆಕ್ಕಕ್ಕೆ ಹಿಡಿಯಬೇಡಿ. ಗಾಳಿಗುಳ್ಳೆ ಹೋದರೆ ಭ್ರೂಣ ಉಳಿಯುವುದು ಕಷ್ಟ. ತುದಿಯನ್ನು ತಟ್ಟನೆ ಎಳೆದರೆ ರಕ್ತ ಸೋರುತ್ತದೆ. ಕಿಟಕಿ ಮುಚ್ಚಿದ ಟೇಪಿನಲ್ಲಿ ಕೂದಲೆಳೆಯ ಬಿರುಕಿದ್ದರೂ ಒಳಗೆ ಒಣಗಿ ಪೊರೆ ಚಿಪ್ಪಿಗೆ ಅಂಟುತ್ತದೆ.

6ನೇ ದಿನ ತೆರೆದು ಮೀಸೊನೆಫ್ರಾಸ್ (ಭ್ರೂಣದ ತಾತ್ಕಾಲಿಕ ಮೂತ್ರಪಿಂಡ) ಮೇಲಿನ ಜನನಗ್ರಂಥಿ ಬಿಡಿಸಿ. ಎಡಗಡೆ ಹೆಚ್ಚು ಹೊಳೆದರೆ ಗಾಬರಿ ಬೇಡ, ಸಹಜವಾಗಿಯೂ ಅಲ್ಲೇ ಹೆಚ್ಚು ಇರುತ್ತವೆ. ತಲೆಯಲ್ಲಿ ಅಲ್ಲೊಂದು ಇಲ್ಲೊಂದು ದಾರಿತಪ್ಪಿದವೂ ಸಿಗುತ್ತವೆ.

ನಿಜವಾದ ಮೋಸ ಬೇರೆ. ಸತ್ತ ಕೋಶದ ಬಣ್ಣವನ್ನು ಮ್ಯಾಕ್ರೋಫೇಜ್ (ಸತ್ತ ಕೋಶ ತಿನ್ನುವ ರಕ್ಷಣಾ ಕೋಶ) ನುಂಗಿ ತಾನೂ ಕೆಂಪಗೆ ಹೊಳೆಯುತ್ತದೆ. ಹಾಗಾಗಿ ಸಿವಿಹೆಚ್ (ಪಿಜಿಸಿಯನ್ನು ಗುರುತಿಸಲು ಬಳಸುವ ಪ್ರೋಟೀನ್) ಪ್ರತಿಕಾಯದ ಬಣ್ಣವೂ ಕೂಡಿಬಂದರೆ ಮಾತ್ರ ನಾನು ಎಣಿಸುತ್ತೇನೆ. ಪ್ರತಿ ಬ್ಯಾಚಿನಲ್ಲೂ ಬಿಸಿಮಾಡಿ ಕೊಂದ, ಬಣ್ಣ ಹಚ್ಚಿದ ಕೋಶಗಳನ್ನು ಮೂರು ನಾಲ್ಕು ಮೊಟ್ಟೆಗೆ ಚುಚ್ಚಿಡುತ್ತೇನೆ. ಅವುಗಳ ಜನನಗ್ರಂಥಿಯಲ್ಲೂ ಕೆಂಪು ಕಂಡರೆ ಆ ದಿನದ ಎಣಿಕೆಯನ್ನೆಲ್ಲ ಬಿಟ್ಟುಬಿಡುತ್ತೇನೆ.