ಬ್ಯಾಟರಿ ಇಳಿದರೆ ಶ್ರುತಿ ಏರುತ್ತದೆ: ಊರ ತಾಳಮದ್ದಳೆ ಕೂಟಗಳ ಕ್ಯಾಸೆಟ್ ಹಿಂದೆ ಬಿದ್ದ ನನ್ನ ಅನುಭವ

ನಾನು ಮೈಕ್‌ಸೆಟ್ಟಿನ ಹುಡುಗನಾಗಿ ಸೇರಿದ್ದು 1982ರಲ್ಲಿ. ಸಂಬಳ ಎನ್ನುವಂಥದ್ದು ಇರಲಿಲ್ಲ. ಊಟ, ಬಸ್ಸಿನ ದುಡ್ಡು, ಮತ್ತೆ ರಾತ್ರಿಯಿಡೀ ಆಂಪ್ಲಿಫೈಯರಿನ ಪಕ್ಕ ಕುಳಿತು ಕೂಟ ಕೇಳುವ ಯೋಗ, ಇಷ್ಟೇ. ಬದಿಯಡ್ಕ, ಪೆರ್ಲ, ಮುಳ್ಳೇರಿಯ, ಬಾಯಾರು ಎಂದು ಕಾಸರಗೋಡಿನ ಮೂಡುದಿಕ್ಕೆಲ್ಲ ಕೋಳಿ ಕೂಗುವ ಹೊತ್ತಿಗೆ ಹಾರ್ನ್ ಹೊತ್ತು ನಡೆದಿದ್ದೇನೆ. ಪತ್ತನಾಜೆಗೆ, ಅಂದರೆ ಮೇ ಕೊನೆಗೆ, ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿದರೆ ಮಳೆಗಾಲವಿಡೀ ನಮಗೆ ತಾಳಮದ್ದಳೆಯೇ ಗತಿ. ನಮ್ಮಲ್ಲಿ ಅದಕ್ಕೆ ಕೂಟ ಎನ್ನುತ್ತೇವೆ. ವೇಷವಿಲ್ಲ, ಕುಣಿತವಿಲ್ಲ. ಪದ ಹಾಡುವ ಭಾಗವತರು, ಚೆಂಡೆ, ಮದ್ದಳೆ, ಎದುರುಬದುರು ಕುಳಿತು ಪಾತ್ರಗಳಾಗಿ ಮಾತಾಡುವ ಅರ್ಥಧಾರಿಗಳು.

ಕೂಟ ಎಂದೊಡನೆ ಹೊರಗಿನವರಿಗೆ ಶೇಣಿ ಗೋಪಾಲಕೃಷ್ಣ ಭಟ್ಟರ ಹೆಸರು ನೆನಪಾಗುತ್ತದೆ. ಪದ ಎಂದರೆ ಬಲಿಪ ನಾರಾಯಣ ಭಾಗವತರು. ಅವರ ಧ್ವನಿ ಕಾಯುವುದಕ್ಕೆ ನೂರು ಜನ ಇದ್ದಾರೆ, ಅದು ಸಂತೋಷವೇ. ನಾನು ಹುಡುಕಿದ್ದು ಬೇರೆಯವರನ್ನು. ಶಾಲೆಯ ಮಾಸ್ತರರು, ಬೀಡಿ ಬ್ರಾಂಚಿನ ಗುಮಾಸ್ತರು, ಅಡಕೆ ಸುಲಿಯುವವರು, ಶನಿವಾರ ರಾತ್ರಿ ಯಾರದೋ ಚಾವಡಿಯಲ್ಲಿ ಸೇರಿ ಕರ್ಣ, ಶಲ್ಯರಾಗುತ್ತಿದ್ದವರು. ಪೋಸ್ಟರಿಲ್ಲ, ಟಿಕೇಟಿಲ್ಲ, ಪತ್ರಿಕೆಯಲ್ಲಿ ಎರಡು ಸಾಲು ಬಂದರೆ ಹೆಚ್ಚು. ಆದರೆ ಅವರಲ್ಲಿ ಕೆಲವರ ಪೀಠಿಕೆ ಕೇಳುವಾಗ ನನ್ನ ಕೈಯಲ್ಲಿದ್ದ ಚಾ ತಣ್ಣಗಾದದ್ದಿದೆ.

ಇವರ ಕೂಟ ಉಳಿದದ್ದು ಗಲ್ಫಿನಿಂದಾಗಿ ಎಂದರೆ ಕೆಲವರು ನಗುತ್ತಾರೆ, ಆದರೆ ನಿಜ. ಎಂಬತ್ತರ ದಶಕದಲ್ಲಿ ದುಬಾಯಿಂದ ಬಂದವರ ಪೆಟ್ಟಿಗೆಯಲ್ಲಿ ರೇಡಿಯೊ, ಟೇಪ್ ಎರಡೂ ಇರುವ ಒಂದು ನ್ಯಾಷನಲ್ ಪ್ಯಾನಸಾನಿಕ್ ಟು-ಇನ್-ವನ್ ಇದ್ದೇ ಇರುತ್ತಿತ್ತು. ಕುಂಬಳೆ, ಉಪ್ಪಳದ ಅಂಗಡಿಗಳಲ್ಲಿ ಟಿಡಿಕೆ, ಸೋನಿ ಕ್ಯಾಸೆಟ್ ಸಿಗುತ್ತಿತ್ತು. ಹಾಗಾಗಿ ಕೂಟಕ್ಕೆ ಬಂದ ನಾಲ್ವರ ಮಡಿಲಲ್ಲಿ ನಾಲ್ಕು ಟೇಪ್‌ರೆಕಾರ್ಡರ್. ಹಾಗೆ ಮುದ್ರಿಸಿದ ಕ್ಯಾಸೆಟುಗಳನ್ನು ಒಟ್ಟುಹಾಕಬೇಕು ಎಂದು ನನಗೆ ಹೊಳೆದದ್ದು ಮಾತ್ರ ಬಹಳ ತಡವಾಗಿ, 2011ರಲ್ಲಿ, ಅದೂ ಗುಜರಿ ಅಂಗಡಿಯಲ್ಲಿ. ಹಳೆ ಸ್ಪೀಕರ್ ಮ್ಯಾಗ್ನೆಟ್ ಹುಡುಕಲು ಹೋದವನಿಗೆ ಗೋಣಿಯಲ್ಲಿ ಕ್ಯಾಸೆಟ್ ರಾಶಿ ಕಂಡಿತು. ಅಕ್ಷರ ನೋಡಿದೊಡನೆ ಗುರುತು ಸಿಕ್ಕಿತು. ಜೀವಮಾನವಿಡೀ ಧ್ವನಿಮುದ್ರಿಸಿ, ಯಾರಿಗೂ ಒಂದು ಪ್ರತಿ ಕೊಡದೆ, ಕಪಾಟಿಗೆ ಬೀಗ ಹಾಕಿ ಕುಳಿತಿದ್ದ ಒಬ್ಬರದು. ಅವರು ತೀರಿಹೋದ ವರ್ಷವೇ ಮನೆಯವರು ಕಪಾಟು ಖಾಲಿ ಮಾಡಿದ್ದರು. ಗೋಣಿಗೆ 150 ರೂಪಾಯಿ ಕೊಟ್ಟೆ. 212 ಕ್ಯಾಸೆಟ್. ಅದರಲ್ಲಿ 60ರಷ್ಟು ಮಳೆಗೆ ನೆನೆದು ಕೆಟ್ಟಿದ್ದವು.

ಮೊದಲ ತಪ್ಪನ್ನು ಮೊದಲೇ ಹೇಳಿಬಿಡುತ್ತೇನೆ. ಹುಮ್ಮಸ್ಸಿನಲ್ಲಿ ಆರಂಭದ 40 ಕ್ಯಾಸೆಟನ್ನು ಕಂಪ್ಯೂಟರಿಗೆ ಹಾಕಿ, ಗದ್ದಲ ತೆಗೆಯುವ ಬಟನ್ ಒತ್ತಿ, ಎಂಪಿ3 ಮಾಡಿ, ಕ್ಯಾಸೆಟನ್ನು ಬಿಸಾಡಿದೆ. ಈಗ ಆ ಕಡತ ತೆರೆದರೆ ಭಾಗವತರು ಬಾವಿಯೊಳಗಿಂದ ಹಾಡಿದಂತೆ ಕೇಳುತ್ತದೆ. ಚಕ್ರತಾಳದ ನಾದದ ಬಾಲ ತುಂಡಾಗಿದೆ, ಶ್ರುತಿಪೆಟ್ಟಿಗೆ ಬರುತ್ತದೆ ಹೋಗುತ್ತದೆ. ಶ್ರುತಿ ಎಂದರೆ ಒಂದೇ ಸಮನೆ ಇರುವ ಸದ್ದು; ಅದನ್ನು ಯಂತ್ರ ಗದ್ದಲ ಎಂದೇ ತಿಳಿಯುತ್ತದೆ. ಮಳೆಯೂ ಹಾಗೆಯೇ ಹೋಯಿತು. ಆಟಿ ತಿಂಗಳ ಕೂಟದಲ್ಲಿ ಹಂಚಿನ ಮೇಲೆ ಮಳೆ ಸುರಿಯದೆ ಇನ್ನೇನು? ಮಳೆ ಜೋರಾದಾಗ ಅರ್ಥಧಾರಿ ಸ್ವರ ಏರಿಸುತ್ತಾರೆ, ನಿಂತಾಗ ಇಳಿಸುತ್ತಾರೆ. ಮಳೆ ತೆಗೆದರೆ ಅವರು ಸುಮ್ಮನೆ ಕಿರುಚಿದಂತಾಗುತ್ತದೆ. ಅಂದಿನಿಂದ ಆ ಬಟನ್ ಮುಟ್ಟಿಲ್ಲ.

ಈಗ ಮಾಡುವ ಕ್ರಮ ಹೀಗೆ. ಕ್ಯಾಸೆಟ್ ಬಂದೊಡನೆ ಹಾಕಿ ಕೇಳುವುದಿಲ್ಲ. ಹಿಂಬದಿಯ ಎರಡು ಪ್ಲಾಸ್ಟಿಕ್ ಕಿವಿ ಮುರಿದು, ಮೇಲೆ ಮುದ್ರಿಸಲು ಆಗದಂತೆ ಮಾಡುತ್ತೇನೆ. ಬೆಳಕಿಗೆ ಹಿಡಿದು ಸುರುಳಿಯ ಅಂಚು ನೋಡುತ್ತೇನೆ. ಬಿಳಿ ಬಿಳಿ ಕಂಡರೆ ಬೂಷ್ಟು. ವರ್ಷಕ್ಕೆ ಮೂರು ಮೀಟರಿಗೂ ಮೇಲೆ ಮಳೆ ಬೀಳುವ ನಾಡು ಇದು, ಬೂಷ್ಟು ಬಾರದಿದ್ದರೇ ಆಶ್ಚರ್ಯ. ಅಂಥದನ್ನು ಟೇಪಿಗೆ ಹಾಕಿದರೆ ಸುರುಳಿಯನ್ನು ಓದುವ ಹೆಡ್ಡಿಗೆ ಅಂಟಿ ಮುಂದಿನ ಕ್ಯಾಸೆಟಿಗೂ ದಾಟುತ್ತದೆ. ಸ್ಕ್ರೂ ಬಿಚ್ಚಿ, ಮೂಗಿಗೆ ಬಟ್ಟೆ ಕಟ್ಟಿ, ಒಣ ಹತ್ತಿಬಟ್ಟೆಯ ನಡುವೆ ಸುರುಳಿಯನ್ನು ನಿಧಾನವಾಗಿ ಹಾಯಿಸಬೇಕು. ಅಡುಗೆಮನೆಯ ಅಟ್ಟದಲ್ಲಿದ್ದ ಕ್ಯಾಸೆಟಿಗೆ ಬೂಷ್ಟು ಇರುವುದೇ ಇಲ್ಲ, ಹೊಗೆಯ ಮಸಿ ಮಾತ್ರ. ಗಾಜಿನ ಶೋಕೇಸಿನಲ್ಲಿ ಮರ್ಯಾದೆಯಿಂದ ಇಟ್ಟವೇ ಹೆಚ್ಚು ಹಾಳಾಗಿರುತ್ತವೆ. ಸ್ಕ್ರೂ ಇಲ್ಲದೆ ಅಂಟಿಸಿದ ಕ್ಯಾಸೆಟ್ ಆದರೆ ಬ್ಲೇಡಿನಿಂದ ಸೀಳಿ, ಸುರುಳಿ ತೆಗೆದು, ಬೇರೆ ಖಾಲಿ ಚಿಪ್ಪಿಗೆ ಹಾಕುತ್ತೇನೆ. ಎರಡು ಗಂಟೆಯ ಸಿ-120 ಕ್ಯಾಸೆಟ್ ಎಂದರೆ ನನಗೆ ಈಗಲೂ ಭಯ. ತೆಳು ಟೇಪು, ಒಂದು ಎಳೆತಕ್ಕೆ ರೋಲರಿಗೆ ಸುತ್ತಿಕೊಂಡರೆ ಮುಗಿಯಿತು.

ಆಮೇಲೆ ಹೆಡ್ಡಿನ ಓರೆ. ಇದನ್ನು ಕಲಿಯಲು ನನಗೆ ಎರಡು ವರ್ಷ ಹಿಡಿಯಿತು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಮುದ್ರಿಸಿದ ಟೇಪಿನ ಹೆಡ್ ಯಾವ ಕೋನದಲ್ಲಿ ನಿಂತಿತ್ತೋ ಕೇಳಿಸುವ ಹೆಡ್ಡೂ ಅದೇ ಕೋನದಲ್ಲಿ ನಿಲ್ಲಬೇಕು. ಕೂದಲೆಳೆಯಷ್ಟು ಓರೆಯಾದರೂ ಮೇಲಿನ ಸ್ವರಗಳೆಲ್ಲ ಮಂಕು. ಹಳೆ ಕ್ಯಾಸೆಟ್ ಎಂದರೆ ಹೀಗೇ ಕೇಳುವುದು ಎಂದು ಜನ ತಿಳಿದುಕೊಂಡಿರುವ ಆ ಕಂಬಳಿ ಹೊದ್ದ ಧ್ವನಿ ಅರ್ಧ ಪಾಲು ಈ ಓರೆಯಿಂದ ಬಂದದ್ದು. ಹೆಡ್ಡಿನ ಪಕ್ಕ ಒಂದು ಸಣ್ಣ ಸ್ಕ್ರೂ ಇರುತ್ತದೆ. ಎಡಬಲ ಎರಡನ್ನೂ ಕೂಡಿಸಿ ಮೊನೊದಲ್ಲಿ ಕೇಳುತ್ತಾ ಆ ಸ್ಕ್ರೂವನ್ನು ಕಾಲು ಸುತ್ತಿನೊಳಗೆ ಆಚೀಚೆ ತಿರುಗಿಸಬೇಕು. ನಾನು ಕಿವಿ ಇಡುವುದು ಚಕ್ರತಾಳದ ಮೇಲೆ. ಅದು ‘ಟಿಕ್’ ಎನ್ನುವುದು ಬಿಟ್ಟು ‘ಕ್ಣಿಂ’ ಎಂದ ಕಡೆ ನಿಲ್ಲಿಸಿದರೆ ಸರಿ. ಪ್ರತಿ ಕ್ಯಾಸೆಟಿಗೂ ಇದು ಹೊಸದಾಗಿ ಆಗಬೇಕು, ಕೆಲವೊಮ್ಮೆ ಪ್ರತಿ ಬದಿಗೂ.

ಕಂಪ್ಯೂಟರಿಗೆ ಇಳಿಸುವುದು ಅಷ್ಟು ಕಷ್ಟವಿಲ್ಲ. 24 ಬಿಟ್, 48 ಕಿಲೋಹರ್ಟ್ಸ್, ವೇವ್ ಕಡತ. ಒಂದೂವರೆ ಗಂಟೆಯ ಸಿ-90 ಒಂದಕ್ಕೆ ಸ್ಟೀರಿಯೊದಲ್ಲಿ ಸುಮಾರು ಒಂದೂವರೆ ಜಿಬಿ. ಚೆಂಡೆ ಎದ್ದಾಗ ಮುಳ್ಳು ಕೆಂಪಿಗೆ ತಾಗದಂತೆ ಮಟ್ಟ ಕಡಿಮೆ ಇಟ್ಟರಾಯಿತು. ಆಮೇಲೆ ಧ್ವನಿ ಕೆಡದಂತೆ ಕುಗ್ಗಿಸುವ ಫ್ಲ್ಯಾಕ್ ಕಡತ ಮಾಡಿ ಎರಡು ಹಾರ್ಡ್‌ಡಿಸ್ಕಿನಲ್ಲಿ ಇಡುತ್ತೇನೆ. ಒಂದು ನಮ್ಮಲ್ಲಿ, ಇನ್ನೊಂದು ಮಂಗಳೂರಿನಲ್ಲಿ ತಂಗಿಯ ಮನೆಯಲ್ಲಿ.

ತಮಾಷೆ ಇರುವುದು ವೇಗದಲ್ಲಿ. ನಮ್ಮೂರ ಹಿರಿಯ ಭಾಗವತರೊಬ್ಬರ ಬಗ್ಗೆ ಒಂದು ಮಾತು ಪ್ರಚಾರದಲ್ಲಿತ್ತು: ಬೆಳಗಿನ ಜಾವಕ್ಕೆ ಅವರ ಶ್ರುತಿ ತಾನೇ ತಾನಾಗಿ ಏರುತ್ತಿತ್ತಂತೆ, ದೇವಿಯ ಅನುಗ್ರಹವಂತೆ. ಕ್ಯಾಸೆಟ್ ಹಾಕಿ ನೋಡಿದರೆ ನಿಜವೇ! ಹಾರ್ಮೋನಿಯಮಿನ ಮನೆಗಳ ಲೆಕ್ಕದಲ್ಲಿ ರಾತ್ರಿ ಹತ್ತಕ್ಕೆ ಬಿಳಿ ನಾಲ್ಕರಲ್ಲಿದ್ದ ಶ್ರುತಿ ಬೆಳಗಿನ ನಾಲ್ಕಕ್ಕೆ ಕಪ್ಪು ಮೂರಕ್ಕೆ ಏರಿದೆ. ಆದರೆ ಅರ್ಥಧಾರಿಗಳ ಮಾತೂ ಏರಿದೆ, ಅವಸರವೂ ಆಗಿದೆ, ಸಭೆಯ ಕೆಮ್ಮು ಕೂಡ ಮಕ್ಕಳ ಕೆಮ್ಮಿನಂತೆ ಕೇಳುತ್ತದೆ. ಟೇಪ್ ಬ್ಯಾಟರಿಯಲ್ಲಿ ಓಡಿದ್ದು. ರಾತ್ರಿ ಕಳೆದಂತೆ ಬ್ಯಾಟರಿ ಇಳಿದು ಮೋಟಾರ್ ನಿಧಾನವಾಗಿದೆ. ನಿಧಾನವಾಗಿ ಮುದ್ರಿಸಿದ್ದನ್ನು ಸರಿಯಾದ ವೇಗದಲ್ಲಿ ಕೇಳಿದರೆ ಓಟವೂ ಸ್ವರವೂ ಏರಲೇಬೇಕು. ಹೀಗೆ ಒಂದು ಮನೆ ಏರಿಕೆ ಎಂದರೆ ವೇಗದಲ್ಲಿ ನೂರಕ್ಕೆ ಆರರಷ್ಟು ವ್ಯತ್ಯಾಸ. ಕರೆಂಟಿನಲ್ಲಿ ಮುದ್ರಿಸಿದ್ದಾದರೆ ಸರಿಪಡಿಸಲು ಸುಲಭದ ದಾರಿ ಇದೆ. ಹಿನ್ನೆಲೆಯಲ್ಲಿ ‘ಗುಂಯ್’ ಎನ್ನುವ ಲೈನಿನ ಸದ್ದು 50 ಹರ್ಟ್ಸಿನಲ್ಲಿರಬೇಕು. ಅದು 52 ತೋರಿಸಿದರೆ ಅಷ್ಟು ಇಳಿಸಿದರಾಯಿತು. ಜನರೇಟರ್ ಕೂಟಕ್ಕೆ ಈ ಲೆಕ್ಕ ನಡೆಯದು. ಬ್ಯಾಟರಿಯದಕ್ಕೆ ಶ್ರುತಿಪೆಟ್ಟಿಗೆಯೇ ಗತಿ: ಅದರ ಆರಂಭದ ಸ್ವರ ಹಿಡಿದು, ಕಾಲು ಗಂಟೆಗೊಮ್ಮೆ ಸ್ವಲ್ಪ ಸ್ವಲ್ಪ ಇಳಿಸುತ್ತಾ ಬರಬೇಕು. ಆದರೆ ಶ್ರುತಿಪೆಟ್ಟಿಗೆಯನ್ನೇ ಭಾಗವತರು ಮಧ್ಯೆ ಬದಲಿಸಿದ್ದರೆ? ಅದು ಅವರ ಪಕ್ಕ ಕುಳಿತವರಿಗೇ ಗೊತ್ತು. ಸರಿಪಡಿಸಿದ ಪ್ರತಿಯನ್ನು ಆ ಭಾಗವತರ ಮಗನಿಗೆ ಕೊಟ್ಟೆ. ಅವರಿಗೆ ಖುಷಿಯಾಗಲಿಲ್ಲ. ‘ನೀನು ಅಪ್ಪನನ್ನು ಇಳಿಸಿಬಿಟ್ಟೆಯಲ್ಲ ಮಾರಾಯ’ ಎಂದರು. ಹಾಗಾಗಿ ಈಗ ಮೂಲದ್ದನ್ನೂ ಸರಿಪಡಿಸಿದ್ದನ್ನೂ ಎರಡನ್ನೂ ಕೊಡುತ್ತೇನೆ.

ಇನ್ನೊಂದು ಕಾಟ ಬದಿ ತಿರುಗಿಸುವುದು. 45 ನಿಮಿಷಕ್ಕೆ ‘ಟಕ್’. ಕರ್ಣ ಪ್ರಶ್ನೆ ಕೇಳಿದ್ದಾನೆ, ಬದಿ ಮುಗಿದಿದೆ; ಆಚೆ ಬದಿ ಶುರುವಾಗುವಾಗ ಸಭೆ ನಗುತ್ತಿದೆ. ಶಲ್ಯ ಏನಂದನೋ! ಅದೇ ಕೂಟವನ್ನು ಇನ್ನೊಬ್ಬರು ಮುದ್ರಿಸಿದ್ದರೆ ಅವರ ‘ಟಕ್’ ಬೇರೆ ಕಡೆ ಬಿದ್ದಿರುತ್ತದೆ. ಒಂದು ಉತ್ತರಕ್ಕಾಗಿ ಬಾಯಾರಿನಿಂದ ಆದೂರಿನವರೆಗೆ ಐದು ಮನೆ ಅಲೆದಿದ್ದೇನೆ. ಸಿಕ್ಕಿತು, ಆದರೆ ಅದು ಪ್ರತಿಯ ಪ್ರತಿಯ ಪ್ರತಿ. ಡಬ್ಬಲ್ ಡೆಕ್ಕಿನಲ್ಲಿ ಹೈಸ್ಪೀಡಿಗೆ ಹಾಕಿ ಇಳಿಸಿದ್ದು, ಶಲ್ಯನ ಮಾತು ನೀರಿನಲ್ಲಿ ನೆನೆದ ಪತ್ರದಂತಿತ್ತು. ಜೋಡಿಸಿದೆ. ಜೋಡಿಸಿದ ಜಾಗ ಯಾವುದೆಂದು ಕಡತದ ಜೊತೆ ಬರೆದಿಟ್ಟಿದ್ದೇನೆ.

ಯಂತ್ರದ ಕೆಲಸ ಇಲ್ಲಿಗೆ ಮುಗಿಯಿತು. ನಿಜವಾದ ಪಾಡು ಆಮೇಲೆ: ಯಾರಿವರು? ಕ್ಯಾಸೆಟಿನ ಮೇಲೆ ಹೆಚ್ಚಾಗಿ ಪ್ರಸಂಗದ ಹೆಸರು ಮಾತ್ರ, ಅಥವಾ ‘ಭಾವನ ಮನೆ, ಒಳ್ಳೆದಿದೆ’. ಯಾವ ಭಾವ! ಕಾಲ ಹಿಡಿಯಲು ನನಗೆ ಸಿಕ್ಕಿದ ಒಳ್ಳೆಯ ಸುಳಿವು ಸ್ವಾಗತ ಭಾಷಣ. ‘ಕಣ್ಣೂರು ಜಿಲ್ಲೆಯ ಈ ಮೂಲೆಯಲ್ಲಿ’ ಎಂದರೆ 1984ರ ಮೇ 24ಕ್ಕಿಂತ ಹಿಂದಿನದು. ಅಂದು ಕಾಸರಗೋಡು ಬೇರೆ ಜಿಲ್ಲೆಯಾಯಿತು. ಅದಕ್ಕೇ ಸ್ವಾಗತ, ಧನ್ಯವಾದ, ಮಧ್ಯದ ‘ಮುಳ್ಳೇರಿಯ ಕಡೆ ಹೋಗುವ ಜೀಪು ಹೊರಡುತ್ತಿದೆ’ ಇವು ಯಾವುದನ್ನೂ ಕತ್ತರಿಸುವುದಿಲ್ಲ. ಕೇಳುವವರು ಬೈಯುತ್ತಾರೆ, ಬೈಯಲಿ.

ಹೆಸರಿಗೆ ಮಾತ್ರ ಹಿರಿಯರೇ ಬೇಕು. ಬ್ಲೂಟೂತ್ ಸ್ಪೀಕರ್ ಹಿಡಿದು ಜಗಲಿಯಿಂದ ಜಗಲಿಗೆ ಹೋಗುತ್ತೇನೆ. ಅರ್ಥಧಾರಿಯ ಧ್ವನಿ ಹಿಡಿಯುವವರು ಸಿಗುತ್ತಾರೆ, ಮದ್ದಳೆಗಾರರನ್ನು ಹಿಡಿಯುವವರು ಅಪರೂಪ. ನೀರ್ಚಾಲಿನ ಕಡೆ ಒಬ್ಬ ಅಜ್ಜ ಇದ್ದರು. ಕಣ್ಣು ಕಾಣುತ್ತಿರಲಿಲ್ಲ, ಮದ್ದಳೆಯ ಎರಡು ಬಿಡ್ತಿಗೆ ಕೇಳಿದರೆ ಸಾಕು, ಬಾರಿಸಿದವರ ಮನೆ ಹೆಸರು ಸಹಿತ ಹೇಳುತ್ತಿದ್ದರು. ಅವರ ಬಳಿ 31 ಕ್ಯಾಸೆಟ್ ಮುಗಿಸಿದೆ. 32ನೆಯದನ್ನು ಹಿಡಿದು ಹೋದ ದಿನ ಅಂಗಳದಲ್ಲಿ ಚಪ್ಪರ ಹಾಕುತ್ತಿದ್ದರು. ಸ್ಪೀಕರನ್ನು ಚೀಲದಿಂದ ಹೊರತೆಗೆಯದೆ ಕುಳಿತು ಬಂದೆ.

ಹಂಚುವುದರಲ್ಲಿ ನನ್ನದೇ ಕೆಲವು ಕಟ್ಟುಪಾಡು. ಕಂಪೆನಿಗಳು ಮಾರಿದ ಕ್ಯಾಸೆಟನ್ನು ಮುಟ್ಟುವುದಿಲ್ಲ. ಈಗಿನ ಕೃತಿಸ್ವಾಮ್ಯ ಕಾಯ್ದೆಯಲ್ಲಿ ಕಲಾವಿದನಿಗೆ ತನ್ನ ಪ್ರದರ್ಶನದ ಮೇಲೆ 50 ವರ್ಷದ ಹಕ್ಕಿದೆ. ಕಾಯ್ದೆ ಇರಲಿ ಬಿಡಲಿ, ಬದುಕಿರುವವರನ್ನೋ ಅವರ ಮನೆಯವರನ್ನೋ ಕೇಳದೆ ಹಾಕುವುದು ಸರಿಯಲ್ಲ. ಹೆಚ್ಚಿನವರು ಕೈ ಹಿಡಿದು ಅತ್ತಿದ್ದಾರೆ. ಇಬ್ಬರು ಬೇಡ ಎಂದರು. ಒಬ್ಬರದಂತೂ ಅದ್ಭುತ ಕೂಟ, ಆದರೆ ಎದುರು ಅರ್ಥಧಾರಿ ಪಾತ್ರ ಬಿಟ್ಟು ವೈಯಕ್ತಿಕಕ್ಕೆ ಇಳಿದ ರಾತ್ರಿ ಅದು. ಅದು ಹಾರ್ಡ್‌ಡಿಸ್ಕಿನಲ್ಲೇ ಇದೆ. ಹಣ ತೆಗೆದುಕೊಳ್ಳುವುದಿಲ್ಲ, ಕ್ಯಾಸೆಟ್ ಕೊಟ್ಟವರಿಗೆ ಮೊದಲ ಪ್ರತಿ. ‘ನಿನ್ನದು ಕೊಡು, ಆಮೇಲೆ ನನ್ನದು’ ಎಂಬ ಹಳೆಯ ವಿನಿಮಯದ ಚೌಕಾಸಿ ನನಗೆ ಆಗಿಬರಲಿಲ್ಲ. ಆ ಗುಜರಿಯ ಗೋಣಿ ಕಣ್ಣಮುಂದೆ ಬರುತ್ತದೆ.

ಮೊಗ್ರಾಲಿನ ಕಡೆಯಿಂದ ಬಂದ ಒಂದು ಕ್ಯಾಸೆಟಿನಲ್ಲಿ ಕೂಟ 20 ನಿಮಿಷಕ್ಕೆ ನಿಂತು, ಅದರಡಿಯ ಹಳೆಯ ಮುದ್ರಣ ಎದ್ದಿತು. ಮೊದಲು ಕೇರಳದ ಮುಸ್ಲಿಮರ ಹಾಡು ಮಾಪಿಳ್ಳೆಪ್ಪಾಟ್ಟು ಅರ್ಧ, ಆಮೇಲೆ ಮಲಯಾಳದಲ್ಲಿ ಒಬ್ಬ ಹೆಂಗಸಿನ ಮಾತು. ಗಲ್ಫಿನಲ್ಲಿದ್ದ ಗಂಡನಿಗೆ ಕಳಿಸಿದ ಕ್ಯಾಸೆಟ್ ಕಾಗದ. ಹಸು ಕರು ಹಾಕಿದ್ದು, ಮಗುವಿಗೆ ಜ್ವರ ಬಿಟ್ಟದ್ದು, ಹಿನ್ನೆಲೆಯಲ್ಲಿ ಆ ಮಗು. ಎರಡು ನಿಮಿಷಕ್ಕೆ ನಿಲ್ಲಿಸಿದೆ. ಕ್ಯಾಸೆಟ್ ಎಲ್ಲೆಲ್ಲಿ ಕೈ ಬದಲಿಸಿತು ಎಂದು ವಿಚಾರಿಸುತ್ತಾ ಹೋಗಿ ಆ ಮನೆ ಸಿಕ್ಕಿತು. ಅಂದು ಮಾತಾಡಿದ್ದ ಆ ಉಮ್ಮನಿಗೆ ಈಗ ಎಪ್ಪತ್ತು ದಾಟಿದೆ. ಹಳೆ ಟೇಪನ್ನೂ ಜೊತೆಗೆ ಕೊಂಡುಹೋಗಿ, ಹಾಕುವುದು ಹೇಗೆಂದು ತೋರಿಸಿ, ಗೇಟಿನ ಹೊರಗೆ ಬಂದು ನಿಂತೆ.

ಸದ್ಯ 600 ಚಿಲ್ಲರೆ ಬದಿ ಇಳಿಸಿ ಆಗಿದೆ. ಅವುಗಳಲ್ಲಿ ‘ಗೊತ್ತಿಲ್ಲ’ ಎಂದು ಅಂಕೆ ಹಾಕಿಟ್ಟವು ಇನ್ನೂ 43. ಅದರಲ್ಲಿ 7ನೆಯದು ಬಹಳ ಕಾಡಿದ್ದು: ಅಪ್ಪಟ ಹಳೇ ಕ್ರಮದ ಭಾಗವತಿಕೆ, ಸ್ವಾಗತವಿಲ್ಲ, ಧನ್ಯವಾದವಿಲ್ಲ. ಹತ್ತು ಜಗಲಿಯಲ್ಲಿ ಹಾಕಿದೆ, ಯಾರಿಗೂ ಧ್ವನಿ ಸಿಗಲಿಲ್ಲ. ಕಳೆದ ತಿಂಗಳು ಬೇಳದ ಹತ್ತಿರ ಒಂದು ಮನೆಯಲ್ಲಿ ಹಾಕಿದಾಗ, ಒಳಗೆ ಹಪ್ಪಳ ಒತ್ತುತ್ತಿದ್ದ ಅತ್ತೆ ಹೊರಗೆ ಬಂದರು. ಪದ ಕೇಳಿ ಅಲ್ಲ. ಮಧ್ಯದಲ್ಲಿ ಗೋಡೆ ಗಡಿಯಾರ ಹೊಡೆಯುತ್ತದೆ: ಹತ್ತು ಬಾರಿ ಸರಿಯಾಗಿ, ಹನ್ನೊಂದನೆಯದು ಮಾತ್ರ ಮೊಂಡಾಗಿ, ಮರಕ್ಕೆ ಬಡಿದಂತೆ. ‘ಇನ್ನೊಮ್ಮೆ ಹಾಕು’ ಎಂದರು. ಹಾಕಿದೆ. ‘ಇದು ನಮ್ಮ ತವರಿನ ಗಡಿಯಾರ. ಕೊನೆಯ ಪೆಟ್ಟು ಯಾವಾಗಲೂ ಹೀಗೇ. ಅಪ್ಪ ಇರುವವರೆಗೆ ರಿಪೇರಿಗೆ ಕೊಡಲೇ ಇಲ್ಲ.’

ತವರುಮನೆ ಮಾರಿ ಆಗಿದೆ. ತಮ್ಮ ಪುತ್ತೂರಿನಲ್ಲಿದ್ದಾನಂತೆ, ಆ ಚಾವಡಿಯಲ್ಲಿ ಯಾರು ಯಾರು ಕೂರುತ್ತಿದ್ದರೆಂದು ಅವನಿಗೆ ಗೊತ್ತಿರಬಹುದಂತೆ. ಬರುವ ಆದಿತ್ಯವಾರ ಸ್ಪೀಕರ್ ಚಾರ್ಜ್ ಮಾಡಿ ಮೊದಲ ಬಸ್ಸಿಗೆ ಹೊರಡುವುದೆಂದು ಇಟ್ಟುಕೊಂಡಿದ್ದೇನೆ.