ಹಸಿರಿನಲ್ಲಿ ಹೊರಟು ಕೆಂಪಿನಲ್ಲಿ ಸಿಕ್ಕಿಬಿದ್ದವರು: ಸಿಗ್ನಲ್ ಸರದಿ ಬದಲಿಸಿದ ನನ್ನ ಅನುಭವ

ನಾನು ದಿನವೂ ದಾಟುವ ದೊಡ್ಡ ಜಂಕ್ಷನ್ನಿನಲ್ಲಿ ಸಿಗ್ನಲ್ಲಿನ ಸರದಿಯನ್ನು, ಅಂದರೆ ಯಾವ ರಸ್ತೆಯ ನಂತರ ಯಾವ ರಸ್ತೆಗೆ ಹಸಿರು ಎಂಬ ಕ್ರಮವನ್ನು, ಹಿಂದುಮುಂದು ಮಾಡಿಸಿ, ಒಂದೇ ಒಂದು ಸೆಕೆಂಡನ್ನೂ ಹೆಚ್ಚಿಗೆ ಕೇಳದೆ, ಸೈಕಲ್ ಸವಾರರು ನಡುರಸ್ತೆಯಲ್ಲಿ ಸಿಕ್ಕಿಹಾಕಿಕೊಳ್ಳುವುದನ್ನು ಬಹುಮಟ್ಟಿಗೆ ನಿಲ್ಲಿಸಿದ್ದೇನೆ. ಇದು ಆಗುವ ಕೆಲಸವಲ್ಲ ಎಂದು ಹೇಳಿದವರಲ್ಲಿ ಅಧಿಕಾರಿಗಳಿಗಿಂತ ನನ್ನ ಜೊತೆಯ ಸವಾರರೇ ಹೆಚ್ಚಾಗಿದ್ದರು. ಎರಡೂವರೆ ವರ್ಷ ಹಿಡಿದ ಈ ಕೆಲಸದಲ್ಲಿ ಮೊದಲ ಎರಡು ವರ್ಷ ಪೂರ್ತಿ ತಪ್ಪು ದಾರಿಯಲ್ಲೇ ನಡೆದೆನಾದ್ದರಿಂದ, ಅದೇ ತಪ್ಪುಗಳನ್ನು ಇನ್ನೊಬ್ಬರು ಮತ್ತೆ ಮಾಡದಿರಲಿ ಎಂದು ಇದನ್ನು ಬರೆಯುತ್ತಿದ್ದೇನೆ.

ಎಲ್ಲವೂ ಶುರುವಾದದ್ದು ನನಗೆ ಬಿದ್ದ ದಂಡದಿಂದ. ಹಸಿರು ದೀಪದ ಕೊನೆಯ ಕ್ಷಣದಲ್ಲಿ ಸ್ಟಾಪ್ ಲೈನ್ ದಾಟಿದ ನಾನು, ಆಚೆಯ ಅಂಚನ್ನು ಮುಟ್ಟುವಷ್ಟರಲ್ಲಿ ಎಡಗಡೆಯ ರಸ್ತೆಯ ವಾಹನಗಳು ನುಗ್ಗಿಬಂದವು. ಒಂದು ಬೈಕಿನ ಕನ್ನಡಿ ನನ್ನ ಹ್ಯಾಂಡಲ್ಲಿಗೆ ತಾಗಿ ಮಡಚಿಕೊಂಡಿತು. ಆಚೆ ಬದಿಯಲ್ಲಿ ನಿಂತಿದ್ದ ಸಂಚಾರ ಪೊಲೀಸರು ನನ್ನನ್ನು ತಡೆದು, ಕೆಂಪು ದೀಪ ದಾಟಿದ್ದೀರಿ ಎಂದರು. ನಾನು ಹೊರಟಾಗ ಹಸಿರೇ ಇತ್ತು ಎಂದೆ. "ಹಸಿರಿದ್ದಾಗ ಹೊರಟವರು ಇಷ್ಟು ಹೊತ್ತಿಗೆ ಆಚೆ ಮುಟ್ಟಿರಬೇಕಿತ್ತು" ಎಂದು ಅವರು ರಸೀದಿ ಬರೆದರು. ಆ ಮಾತು ನನ್ನನ್ನು ಬಹಳ ದಿನ ಕಾಡಿತು, ಏಕೆಂದರೆ ಲೆಕ್ಕಾಚಾರದ ಮಟ್ಟಿಗೆ ಅವರು ಹೇಳಿದ್ದು ಸರಿಯಾದ ಪ್ರಶ್ನೆಯೇ ಆಗಿತ್ತು: ಮುಟ್ಟಿರಬೇಕಿತ್ತು, ಹಾಗಾದರೆ ಏಕೆ ಮುಟ್ಟಲಿಲ್ಲ?

ಮರುವಾರವೇ ಅಳತೆ ಮಾಡಿದೆ. ಸ್ಟಾಪ್ ಲೈನಿನಿಂದ ಎದುರಿನ ಸ್ಟಾಪ್ ಲೈನಿಗೆ ಸುಮಾರು 36 ಮೀಟರ್. ಹಳದಿ 3 ಸೆಕೆಂಡು, ಆಮೇಲೆ ಎಲ್ಲ ಕಡೆಯೂ ಕೆಂಪು 2 ಸೆಕೆಂಡು, ಒಟ್ಟು 5. ಗಂಟೆಗೆ 50 ಕಿಲೋಮೀಟರ್ ವೇಗದ ಕಾರಿಗೆ ಈ ದೂರ ಎರಡೂವರೆ ಸೆಕೆಂಡಿನ ಮಾತು. ನಾಲ್ಕೈದು ದಿನ ಬೆಳಗ್ಗೆ ನಿಂತು ಸುಮಾರು 340 ಸವಾರರ ವೇಗವನ್ನು ಲೆಕ್ಕ ಹಾಕಿದಾಗ ಹೆಚ್ಚಿನವರು ಗಂಟೆಗೆ 14 ಕಿಲೋಮೀಟರಿನ ಆಸುಪಾಸಿನಲ್ಲಿದ್ದರು, ಅಂದರೆ ಸೆಕೆಂಡಿಗೆ ಹೆಚ್ಚುಕಡಿಮೆ 3.9 ಮೀಟರ್, ಅವರಿಗೆ ಅದೇ ದೂರಕ್ಕೆ ಒಂಬತ್ತು ಸೆಕೆಂಡಿಗಿಂತ ತುಸು ಹೆಚ್ಚೇ ಬೇಕು. ಹಿಂದಿನ ಕ್ಯಾರಿಯರ್ ಮೇಲೆ ತಮ್ಮ ಎದೆಮಟ್ಟದ ಹೊರೆ ಕಟ್ಟಿಕೊಂಡು ಬರುತ್ತಿದ್ದ ವೃದ್ಧರೊಬ್ಬರಿಗೆ ಹನ್ನೆರಡು ಸೆಕೆಂಡು ಹಿಡಿಯುತ್ತಿತ್ತು. ಅವರು ಪ್ರತಿದಿನ ನಡುವೆ ಇಳಿದು, ಸೈಕಲ್ಲನ್ನು ಮೈಗೆ ಒರಗಿಸಿಕೊಂಡು, ಎರಡೂ ಕಡೆಯಿಂದ ವಾಹನಗಳು ಹರಿಯುತ್ತಿರುವಾಗ ಕಣ್ಣು ಮುಚ್ಚಿ ನಿಲ್ಲುತ್ತಿದ್ದುದನ್ನು ನಾನು ವಿಡಿಯೊದಲ್ಲಿ ನೋಡಿದ್ದೇನೆ. ನಿಯಮ ಮುರಿದವರೆಂದು ಜನ ಬಯ್ಯುತ್ತಿದ್ದದ್ದು ಇಂಥವರನ್ನು.

ನನ್ನ ಮೊದಲ ಅರ್ಜಿ ಹಳದಿಯನ್ನು ಆರು ಸೆಕೆಂಡಿಗೆ ಏರಿಸಿ ಎಂಬುದಾಗಿತ್ತು. ಹಳದಿ ಉದ್ದವಾದರೆ ವಾಹನ ಚಾಲಕರು ಅದನ್ನು ಹಸಿರಿನ ಮುಂದುವರಿಕೆಯೆಂದೇ ಬಳಸಿಕೊಳ್ಳುತ್ತಾರೆ ಎಂಬ ಹಿಂಬರಹ ಬಂತು. ಆಗ ಸಿಟ್ಟು ಬಂದಿತ್ತಾದರೂ ಈಗ ಹೇಳುತ್ತೇನೆ, ಅವರ ಉತ್ತರ ಸರಿಯಾಗಿತ್ತು. ಹಳದಿಯ ಲೆಕ್ಕ ಹುಟ್ಟಿದ್ದೇ ನಿಲ್ಲಲೂ ಆಗದ, ದಾಟಲೂ ಆಗದ ವಾಹನಗಳ ಸಂಕಟದಿಂದ. ಗೇಸಿಸ್, ಹರ್ಮನ್, ಮಾರಡುಡಿನ್ ಎಂಬ ಮೂವರು ಸಂಶೋಧಕರು 1960ರಲ್ಲಿ ಅದನ್ನು ಗಣಿತವಾಗಿ ಬಿಡಿಸಿಟ್ಟರು. ಅದರಲ್ಲಿ ಚಾಲಕನ ಪ್ರತಿಕ್ರಿಯೆಯ ಹೊತ್ತು, ವೇಗ, ಬ್ರೇಕಿನ ಬಲ ಇವೆ. ನಿಧಾನವಾಗಿ ದಾಟುವವನ ಪಾಡು ಆ ಲೆಕ್ಕದ ಕೆಲಸವಲ್ಲ. ನಾನು ತಪ್ಪು ದೀಪವನ್ನು ಕೇಳಿದ್ದೆ.

ಎರಡನೆಯ ಅರ್ಜಿಯಲ್ಲಿ ಎಲ್ಲ ಕಡೆಯ ಕೆಂಪನ್ನು 2ರಿಂದ 5 ಸೆಕೆಂಡಿಗೆ ಏರಿಸಲು ಕೇಳಿದೆ. ನಾಲ್ಕು ರಸ್ತೆಗಳಿಗೆ ನಾಲ್ಕು ಸರದಿ, ಒಂದೊಂದಕ್ಕೆ ಮೂರು ಸೆಕೆಂಡು ಹೆಚ್ಚಾದರೆ 120 ಸೆಕೆಂಡಿನ ಸುತ್ತಿನಲ್ಲಿ 12 ಸೆಕೆಂಡು ಯಾರಿಗೂ ಉಪಯೋಗವಿಲ್ಲದೆ ಹೋಗುತ್ತದೆ. ಹತ್ತರಲ್ಲಿ ಒಂದು ಪಾಲು ಹಸಿರನ್ನು ಬಿಟ್ಟುಕೊಡಲು ಯಾವ ಸಂಚಾರ ಇಲಾಖೆಯೂ ಒಪ್ಪುವುದಿಲ್ಲ, ಬೆಳಗಿನ ದಟ್ಟಣೆಯಲ್ಲಂತೂ ಮಾತೇ ಇಲ್ಲ. ಈ ಸಲ ಉತ್ತರವೂ ಬರಲಿಲ್ಲ. ಕಡತವು ರಸ್ತೆ ನೋಡಿಕೊಳ್ಳುವ ಕಚೇರಿಯಿಂದ ಸಂಚಾರ ಪೊಲೀಸರಿಗೆ, ಅಲ್ಲಿಂದ ದೀಪಗಳ ನಿರ್ವಹಣೆಯ ಗುತ್ತಿಗೆದಾರರಿಗೆ, ಅಲ್ಲಿಂದ ಮತ್ತೆ ಮೊದಲಿನ ಕಚೇರಿಗೆ ಹೋಗುತ್ತ ಏಳು ತಿಂಗಳು ತಿರುಗಿತು. ಪ್ರತಿಯೊಂದು ಮೇಜಿನಲ್ಲೂ ಇದು ನಮ್ಮ ವ್ಯಾಪ್ತಿಗೆ ಬರುವುದಿಲ್ಲ ಎಂಬ ಒಂದೇ ಷರಾ.

ಮೂರನೆಯ ಪ್ರಯತ್ನವಾಗಿ ಇನ್ನೂರಕ್ಕೂ ಹೆಚ್ಚು ಸಹಿಗಳ ಮನವಿ ಮತ್ತು ಒಂದು ಗಂಟೆಯ ವಿಡಿಯೊ ತೆಗೆದುಕೊಂಡು ಹೋದೆ. ನನಗೆ ಹೆಚ್ಚು ಅವಮಾನವಾದದ್ದು ಇಲ್ಲಿ. ಅಧಿಕಾರಿಯೊಬ್ಬರು ಮೊದಲ ಹತ್ತು ನಿಮಿಷ ನೋಡಿ, ನಿಜವಾಗಿಯೇ ಕೆಂಪು ದೀಪದಲ್ಲಿ ನುಗ್ಗಿದ ಸೈಕಲ್ಲುಗಳನ್ನು ಒಂದೊಂದಾಗಿ ಬೆರಳಿಟ್ಟು ತೋರಿಸಿದರು. ಇಡೀ ಗಂಟೆಯಲ್ಲಿ ಅಂಥವರು ಮೂವತ್ತರಷ್ಟು ಇದ್ದರು. ಸೈಕಲ್ ಸವಾರರ ಪರವಾಗಿ ಕೆಲಸ ಮಾಡುವವರೆಲ್ಲರಿಗೂ ಇದನ್ನು ನೇರವಾಗಿ ಹೇಳುತ್ತೇನೆ: ನಮ್ಮ ಕೆಲಸವನ್ನು ಅತಿ ಹೆಚ್ಚು ಹಾಳುಮಾಡಿದವರು ಕಾರಿನವರಲ್ಲ, ಹೇಗೂ ಯಾರೂ ಹಿಡಿಯುವುದಿಲ್ಲವೆಂದು ಕೆಂಪಿನಲ್ಲಿ ನುಗ್ಗುವ ಈ ಮೂವತ್ತು ಮಂದಿ. ಅಮೆರಿಕದ ಐಡಾಹೊ ರಾಜ್ಯ 1982ರಿಂದಲೇ ಸೈಕಲ್ಲಿಗೆ ವಿನಾಯಿತಿ ಕೊಟ್ಟಿದೆಯಲ್ಲ ಎಂದು ವಾದಿಸುವವರು ನಮ್ಮ ಗುಂಪಿನಲ್ಲೂ ಇದ್ದಾರೆ. ಅಲ್ಲಿ ಕೂಡ ಕೆಂಪು ದೀಪಕ್ಕೆ ಪೂರ್ತಿ ನಿಂತು, ದಾರಿ ಖಾಲಿಯಿದೆಯೆಂದು ನೋಡಿಕೊಂಡೇ ಹೊರಡಬೇಕೆಂಬುದನ್ನು ಅವರು ಹೇಳುವುದಿಲ್ಲ.

ಆ ದಿನದಿಂದ ಲೆಕ್ಕವನ್ನು ಎರಡು ಪಟ್ಟಿಯಲ್ಲಿ ಇಟ್ಟೆ. ಕೆಂಪಿನಲ್ಲಿ ಹೊರಟವರು ಒಂದು ಕಡೆ, ಹಸಿರಿನಲ್ಲಿ ಹೊರಟು ಮುಂದಿನ ಸರದಿಯ ವಾಹನಗಳಿಗೆ ಅಡ್ಡವಾಗಿ ಸಿಕ್ಕಿಕೊಂಡವರು ಇನ್ನೊಂದು ಕಡೆ. ಎರಡನೆಯ ಪಟ್ಟಿ ಬೆಳಗಿನ ಒಂದು ಗಂಟೆಗೆ ಇಪ್ಪತ್ತರಿಂದ ಇಪ್ಪತ್ತೆರಡು. ಈ ಪಟ್ಟಿಗಾಗಿಯೇ ಎರಡು ಹಳೆಯ ಫೋನು ಮತ್ತು ಒಂದು ಕ್ಯಾಮೆರಾ ಕೊಂಡಿದ್ದೆ. ಒಂದು ಫೋನು ಮಳೆಗೆ ಹೋಯಿತು, ಕ್ಯಾಮೆರಾ ಕಟ್ಟಿದ ಕಂಬದಿಂದಲೇ ಮಾಯವಾಯಿತು. ಕಚೇರಿ ಅಲೆದಾಟಕ್ಕೆ ಸಂಬಳವಿಲ್ಲದ ಅರ್ಧ ದಿನದ ರಜೆಗಳು ಹದಿನೈದಾದರೂ ಆಗಿರಬೇಕು. ಎಲ್ಲ ಸೇರಿಸಿದರೆ ಒಂದು ಒಳ್ಳೆಯ ಸೈಕಲ್ಲನ್ನು ಕೊಂಡು, ಮೇಲೆ ಎರಡು ಜೊತೆ ಟೈರನ್ನೂ ಕೊಳ್ಳುವಷ್ಟು ಹಣ ಹೋಗಿದೆ. ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಮೊದಲ ಎರಡು ತಪ್ಪು ಅರ್ಜಿಗಳಿಗೆ ಹೋದದ್ದು.

ಈ ನಡುವೆ ಸಂಬಂಧವಿಲ್ಲದ ಒಂದು ಪ್ರಯೋಗವನ್ನೂ ಮಾಡಿದೆ. ಬೇರೊಂದು ರಸ್ತೆಯಲ್ಲಿ, ಡಾಂಬರಿನೊಳಗೆ ತಂತಿಯ ಸುರುಳಿ ಹೂತು ವಾಹನವನ್ನು ಗುರುತಿಸುವ ಸಿಗ್ನಲ್ ಇದೆ. ಅದು ಸೈಕಲ್ಲಿಗೆ ಹಸಿರು ಕೊಡುತ್ತಿರಲಿಲ್ಲ. ಪೆಡಲ್ಲಿಗೆ ಬಲವಾದ ಆಯಸ್ಕಾಂತ ಅಂಟಿಸಿಕೊಂಡರೆ ಸಾಕೆಂದು ಹಲವರು ಹೇಳಿದ್ದರಿಂದ ಮೂರು ಬಗೆಯ ಆಯಸ್ಕಾಂತಗಳನ್ನು ಅಂಟಿಸಿ ನೋಡಿದೆ. ಯಾವುದೂ ಕೆಲಸ ಮಾಡಲಿಲ್ಲ. ಆ ಸುರುಳಿ ಆಯಸ್ಕಾಂತವನ್ನು ಹುಡುಕುವುದೇ ಇಲ್ಲ, ತನ್ನ ಮೇಲೆ ಬಂದ ಲೋಹದಲ್ಲಿ ಹುಟ್ಟುವ ವಿದ್ಯುತ್ ಸುಳಿಗಳಿಂದ ತನ್ನ ಇಂಡಕ್ಟೆನ್ಸ್ (ವಿದ್ಯುತ್ ಹರಿವಿನ ಬದಲಾವಣೆಯನ್ನು ತಡೆಯುವ ಗುಣ) ಇಳಿದದ್ದನ್ನು ಗುರುತಿಸುತ್ತದೆ. ಡಾಂಬರಿನಲ್ಲಿ ಕೊರೆದ ಗೆರೆಯ ನೇರಕ್ಕೆ ಎರಡೂ ಚಕ್ರಗಳನ್ನು ನಿಲ್ಲಿಸಿದಾಗ ಅಲ್ಯೂಮಿನಿಯಂ ರಿಮ್ಮಿನ ನನ್ನ ಸೈಕಲ್ಲಿಗೆ ಹತ್ತರಲ್ಲಿ ಏಳೆಂಟು ಸಲ ಹಸಿರು ಬಂತು.

ಮತ್ತೆ ನಮ್ಮ ಜಂಕ್ಷನ್ನಿಗೆ. ಒಂದು ರಾತ್ರಿ ವಿಡಿಯೊಗಳನ್ನು ಒಂದೊಂದಾಗಿ ನಿಲ್ಲಿಸಿ ನೋಡುತ್ತಿದ್ದಾಗ, ಸವಾರರು ಸಿಕ್ಕಿಕೊಳ್ಳುವ ಜಾಗ ಬಹುತೇಕ ಒಂದೇ ಎಂಬುದು ಕಣ್ಣಿಗೆ ಬಿತ್ತು: ಅಡ್ಡರಸ್ತೆಯ ಆಚೆಯ ಅರ್ಧ. ಎಡಬದಿಯಲ್ಲಿ ವಾಹನ ಓಡಿಸುವ ಕಡೆಯ ಮಾತು ಇದು; ಬಲಬದಿಯವರು ಕನ್ನಡಿಯಲ್ಲಿ ನೋಡಿದಂತೆ ತಿರುಗಿಸಿಕೊಳ್ಳಬೇಕು. ನೀವು ದಕ್ಷಿಣದಿಂದ ಉತ್ತರಕ್ಕೆ ರಸ್ತೆಯ ಎಡ ಅಂಚಿನಲ್ಲಿ ಹೋಗುತ್ತಿದ್ದೀರಿ ಎಂದುಕೊಳ್ಳಿ. ಪಶ್ಚಿಮದಿಂದ, ಅಂದರೆ ನಿಮ್ಮ ಎಡದಿಂದ ಬರುವ ವಾಹನಗಳು ತಮ್ಮ ಎಡವನ್ನು ಹಿಡಿದಿರುವುದರಿಂದ ಅಡ್ಡರಸ್ತೆಯ ಆಚೆಯ ಅರ್ಧದಲ್ಲಿ ಓಡುತ್ತವೆ, ಅವುಗಳ ಸ್ಟಾಪ್ ಲೈನು ನಿಮ್ಮ ದಾರಿಯಿಂದ ಎಂಟೇ ಮೀಟರ್ ದೂರದಲ್ಲಿದೆ. ನೀವು ಆ ಅರ್ಧವನ್ನು ದಾಟಿ ಮುಗಿಸಲು 30 ಮೀಟರ್ ಹೋಗಬೇಕು, ಅದಕ್ಕೆ ಏಳು ಮುಕ್ಕಾಲು ಸೆಕೆಂಡು ಬೇಕು. ಪೂರ್ವದಿಂದ, ಅಂದರೆ ಬಲದಿಂದ ಬರುವವರ ಕಥೆ ತಿರುಗುಮುರುಗು: ಅವರು ಓಡುವುದು ನಿಮಗೆ ಹತ್ತಿರದ ಅರ್ಧದಲ್ಲಿ. ನೀವು 17 ಮೀಟರ್, ಅಂದರೆ ನಾಲ್ಕೂವರೆ ಸೆಕೆಂಡಿನೊಳಗೆ ಅದನ್ನು ದಾಟಿರುತ್ತೀರಿ, ಅವರಾದರೋ ನಿಮ್ಮ ದಾರಿ ಮುಟ್ಟಲು ಸುಮಾರು 26 ಮೀಟರ್ ಬರಬೇಕು.

ಅಷ್ಟೇ ವಿಷಯ. ನಮ್ಮ ಸಿಗ್ನಲ್ಲಿನಲ್ಲಿ ದಕ್ಷಿಣದ ನಂತರ ಪಶ್ಚಿಮ, ಆಮೇಲೆ ಉತ್ತರ, ಆಮೇಲೆ ಪೂರ್ವ ಎಂದು ಸರದಿ ಗಡಿಯಾರದ ಮುಳ್ಳಿನಂತೆ ಸುತ್ತುತ್ತಿತ್ತು, ಅಂದರೆ ನಾಲ್ಕೂ ದಿಕ್ಕಿನ ಸವಾರರಿಗೆ ಮುಂದಿನ ಸರದಿಯವರು ಯಾವಾಗಲೂ ಎಡದಿಂದಲೇ ನುಗ್ಗುತ್ತಿದ್ದರು. ಅದನ್ನು ದಕ್ಷಿಣ, ಪೂರ್ವ, ಉತ್ತರ, ಪಶ್ಚಿಮ ಎಂದು ತಿರುಗಿಸಿದರೆ ನಾಲ್ಕೂ ದಿಕ್ಕಿನವರಿಗೆ ಮುಂದಿನವರು ಬಲದಿಂದ ಬರುತ್ತಾರೆ. ನಿಲ್ಲದೆ ಸೆಕೆಂಡಿಗೆ 10 ಮೀಟರ್ ವೇಗದಲ್ಲಿ ಬರುವ ವಾಹನವನ್ನು ಲೆಕ್ಕಕ್ಕೆ ಹಿಡಿದರೂ ಹಳೆಯ ಸರದಿಗೆ ಏಳು ಸೆಕೆಂಡಿನ ಅಂತರ ಬೇಕಿತ್ತು, ಹೊಸದಕ್ಕೆ ಎರಡು ಸೆಕೆಂಡು ಸಾಕು, ಹಳದಿ ಮತ್ತು ಎಲ್ಲ ಕಡೆಯ ಕೆಂಪು ಸೇರಿ ಇರುವುದು ಐದು. ಕಾಗದದ ಮೇಲೆ ಇದನ್ನು ಬರೆದು ಮುಗಿಸಿದಾಗ ಬೆಳಗಿನ ಜಾವವಾಗಿತ್ತು, ನಿದ್ದೆ ಬರಲಿಲ್ಲ.

ಜೊತೆಯ ಸವಾರರಿಗೆ ತೋರಿಸಿದರೆ, ಸರದಿ ಬದಲಿಸಿದರೆ ಏನಾಗುತ್ತದೆ, ಕೆಂಪು ಕೆಂಪೇ ಅಲ್ಲವೇ ಎಂದರು. ಸಿಗ್ನಲ್ ಗಣಿತದಲ್ಲಿ ಎಂಜಿನಿಯರ್ ಪರವಾನಗಿ ಇಲ್ಲದವನು ತಲೆಹಾಕಬಾರದೆಂದು ಒಬ್ಬರು ಎಚ್ಚರಿಸಿದರು. ಅವರು ಕೊಟ್ಟ ಉದಾಹರಣೆ ಅಮೆರಿಕದ ಆರೆಗಾನ್ ರಾಜ್ಯದ ಮ್ಯಾಟ್ಸ್ ಯಾರ್ಲ್‌ಸ್ಟ್ರೋಮ್ ಅವರದು: ಹೆಂಡತಿಗೆ ಬಂದ ಕೆಂಪು ದೀಪದ ದಂಡದಿಂದ ಹಳದಿಯ ಲೆಕ್ಕವನ್ನು ಕೆದಕಿದ ಅವರಿಗೆ, ಪರವಾನಗಿ ಇಲ್ಲದೆ ಎಂಜಿನಿಯರಿಂಗ್ ಮಾಡಿದರೆಂದು ರಾಜ್ಯದ ಎಂಜಿನಿಯರಿಂಗ್ ಮಂಡಳಿ 500 ಡಾಲರ್ ದಂಡ ಹಾಕಿತ್ತು. ಆದರೆ 2018ರ ಕೊನೆಯಲ್ಲಿ ಫೆಡರಲ್ ನ್ಯಾಯಾಲಯ ಅವರ ಪರವಾಗಿಯೇ ತೀರ್ಪು ಕೊಟ್ಟಿತು. 2020ರಲ್ಲಿ ಅಲ್ಲಿನ ಸಾರಿಗೆ ಎಂಜಿನಿಯರುಗಳ ಸಂಸ್ಥೆಯ ಹೊಸ ಮಾರ್ಗಸೂಚಿಯೊಳಕ್ಕೆ ಅವರು ಎತ್ತಿದ ತಿರುವಿನ ವಾಹನಗಳ ಲೆಕ್ಕವೂ ಸೇರಿತು. ಕಥೆಯ ಈ ಉಳಿದ ಅರ್ಧವನ್ನು ನಾನು ಎಚ್ಚರಿಸಿದವರಿಗೆ ನೆನಪಿಸಿದೆ.

ನಾಲ್ಕನೆಯ ಅರ್ಜಿ ಒಂದೇ ಪುಟ. ಸಮಯ ಹೆಚ್ಚಿಸಿ ಎಂಬ ಮಾತು ಅದರಲ್ಲಿ ಇರಲಿಲ್ಲ, ಸೈಕಲ್ ಎಂಬ ಪದ ಒಂದೇ ಕಡೆ ಇತ್ತು, ಖರ್ಚು ಸೊನ್ನೆ ಎಂದು ಮೇಲೆಯೇ ಬರೆದಿದ್ದೆ. ಅದನ್ನು ಯಾವ ಮೇಜಿಗೆ, ತಿಂಗಳಿನ ಯಾವ ಹೊತ್ತಿನಲ್ಲಿ, ಯಾವ ಲಗತ್ತಿನೊಂದಿಗೆ ಕೊಟ್ಟೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಇನ್ನೂ ಮೂರು ಜಂಕ್ಷನ್ನುಗಳ ಕೆಲಸ ಅದೇ ದಾರಿಯಲ್ಲಿ ಸಾಗಿದೆ, ಅದು ಕೆಡುವುದು ಬೇಡ. ಕಿರಿಯ ಎಂಜಿನಿಯರೊಬ್ಬರು ಹಾಳೆಯನ್ನು ನೋಡಿ, ತಮ್ಮ ಪೆನ್ನಿನಿಂದಲೇ ಬಾಣಗಳನ್ನು ತಿರುಗಿಸಿ ಎರಡು ಸಲ ಎಣಿಸಿ, ಎರಡು ವಾರ ನೋಡೋಣ ಎಂದರು. ಕಂಟ್ರೋಲರಿನ ಪೆಟ್ಟಿಗೆ ತೆರೆದು ಸರದಿ ಬದಲಿಸಲು ಅರ್ಧ ಗಂಟೆಯೂ ಹಿಡಿಯಲಿಲ್ಲ.

ಮೊದಲ ಮೂರು ದಿನ ಮಾತ್ರ ಕಷ್ಟದವು, ಇದನ್ನು ಮುಚ್ಚಿಡಬಾರದು. ದಿನವೂ ಓಡಾಡುವವರು ದೀಪವನ್ನಲ್ಲ, ಸರದಿಯನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ. ಪಕ್ಕದ ರಸ್ತೆಗೆ ಕೆಂಪು ಬಂದ ಕೂಡಲೇ ಇನ್ನು ತಮ್ಮದೇ ಎಂದು ಗೇರ್ ಹಾಕಿಬಿಡುತ್ತಾರೆ. ಎರಡನೆಯ ದಿನ ಸ್ಕೂಟರ್ ಸವಾರರೊಬ್ಬರು ಹಾಗೆಯೇ ಪಶ್ಚಿಮದಿಂದ ಹೊರಟು, ಪೂರ್ವದಿಂದ ಬಂದ ಬಸ್ಸಿನ ಮುಂದೆ ಎರಡು ಮಾರು ದೂರದಲ್ಲಿ ನಿಂತರು. ಅಂದಿನಿಂದ ವಾರದ ಕೊನೆಯವರೆಗೆ ನಾವು ಆರು ಜನ ಬೆಳಗ್ಗೆ ಸಂಜೆ ನಾಲ್ಕೂ ಸ್ಟಾಪ್ ಲೈನುಗಳ ಬಳಿ ಸರದಿ ಬದಲಾಗಿದೆ ಎಂಬ ಫಲಕ ಹಿಡಿದು ನಿಂತೆವು. ಮುಂದಿನ ಸಿಗ್ನಲ್ಲಿನೊಂದಿಗಿನ ಹೊಂದಾಣಿಕೆ ತಪ್ಪಿ ಒಂದು ಕಡೆ ಸಾಲು ಬೆಳೆಯಿತು. ಅದನ್ನು ಎಂಜಿನಿಯರೇ ಐದಾರು ಸೆಕೆಂಡು ಹಿಂದೆ ಸರಿಸಿ ಸರಿಪಡಿಸಿದರು. ಇನ್ನೊಮ್ಮೆ ಮಾಡುವುದಾದರೆ ಫಲಕವನ್ನು ಒಂದು ವಾರ ಮೊದಲೇ ಹಾಕಿಸಿ, ಬದಲಾವಣೆಯನ್ನು ರಜಾದಿನದ ಬೆಳಗ್ಗೆ ಮಾಡಿಸುತ್ತೇನೆ.

ಎರಡು ವಾರದ ಕೊನೆಯಲ್ಲಿ ಅದೇ ಕಂಬದ ಕೆಳಗೆ, ಅದೇ ಹೊತ್ತಿಗೆ ನಿಂತು ಎಣಿಸಿದೆ. ಹಸಿರಿನಲ್ಲಿ ಹೊರಟು ಸಿಕ್ಕಿಕೊಂಡವರು ಗಂಟೆಗೆ ಮೂರೋ ನಾಲ್ಕೋ. ಅವರಲ್ಲೂ ಹೆಚ್ಚಿನವರು ಬಲಕ್ಕೆ ತಿರುಗುವವರು, ಅವರಿಗೆ ಈ ಉಪಾಯ ಅಷ್ಟಾಗಿ ಒದಗುವುದಿಲ್ಲ. ಕೆಂಪಿನಲ್ಲಿ ನುಗ್ಗುವವರ ಪಟ್ಟಿ ಮೂವತ್ತರ ಆಸುಪಾಸಿನಲ್ಲೇ ಉಳಿಯಿತು. ವಾಹನಗಳ ಸಾಲು ಮೊದಲಿಗಿಂತ ಉದ್ದವಾಗಲಿಲ್ಲವೆಂದು ಎಂಜಿನಿಯರು ಕಡತದಲ್ಲಿ ಬರೆದರು, ಪ್ರಯೋಗ ಎಂಬ ಪದವನ್ನು ಹೊಡೆದುಹಾಕಿ ಖಾಯಂ ಎಂದು ಸೇರಿಸಿದರು. ನಾನು ಕಟ್ಟಿದ ದಂಡಕ್ಕೆ ಸಲ್ಲಿಸಿದ ಮೇಲ್ಮನವಿ ಇನ್ನೂ ಹಾಗೆಯೇ ಇದೆ. ಹೊರೆಯ ವೃದ್ಧರು ಮೊನ್ನೆ ಸಿಕ್ಕಿದ್ದರು. ಸರದಿ ಬದಲಾದದ್ದು ಅವರಿಗೆ ತಿಳಿದಿರಲಿಲ್ಲ, ಈಚೆಗೆ ನಡುವೆ ಇಳಿಯುವುದಿಲ್ಲ ಎಂದಷ್ಟೇ ಹೇಳಿದರು.